ಒಂದೇ ತೊಟ್ಟಿಯ ಮೀನುಗಳು ಹೊಂದಿಕೊಳ್ಳದಿದ್ದಾಗ: ದೋಷ ಪತ್ತೆ ಮತ್ತು ನಿವಾರಣೆ

ಚಿಕ್ಕಮಗಳೂರಿನ ನಮ್ಮ ಮನೆಯ ಹಜಾರದಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಯೊಂದಿದೆ. ಲೆಕ್ಕಕ್ಕೆ ಅದು 56 ಲೀಟರಿನದು. ತಳದ ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ಅದರಲ್ಲಿ ನಿಲ್ಲುವ ನೀರು 45 ಲೀಟರಿನ ಆಸುಪಾಸು. ಈ ತೊಟ್ಟಿಯಲ್ಲಿ ಒಂದು ಏಂಜಲ್ ಮೀನಿನ ಜೊತೆಗೆ ನಿಯಾನ್ ಟೆಟ್ರಾ ಎಂಬ ಹತ್ತು ಪುಟ್ಟ ಮೀನುಗಳಿದ್ದವು. ಎರಡು ತಿಂಗಳಲ್ಲಿ ಅವು ಆರಾದವು, ಬಳಿಕ ನಾಲ್ಕಾದವು. ಸತ್ತ ಮೀನು ಮಾತ್ರ ಒಂದೂ ಕಣ್ಣಿಗೆ ಬೀಳಲಿಲ್ಲ. ಫಿಲ್ಟರಿನ ಬಾಯಿ ಎಳೆದುಕೊಳ್ಳುತ್ತಿರಬಹುದೆಂದು ಅದಕ್ಕೆ ಸ್ಪಂಜು ಕಟ್ಟಿದೆ, ನೀರು ಬದಲಿಸಿದೆ, ಅಂಗಡಿಯವರು ಕೊಟ್ಟ ಔಷಧವನ್ನೂ ಹಾಕಿ ನೋಡಿದೆ. ಕೊನೆಗೆ ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಎದ್ದು, ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ತೊಟ್ಟಿಯ ಮುಂದೆ ಸದ್ದಿಲ್ಲದೆ ಕುಳಿತೆ. ನಿಯಾನ್ ಟೆಟ್ರಾ ಕತ್ತಲಲ್ಲಿ ವಿಶ್ರಮಿಸುವಾಗ ಅದರ ಮೈಮೇಲಿನ ನೀಲಿ ಗೆರೆ ಮಾಸಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ನಾಲ್ಕೂ ಮೀನುಗಳು ಗಿಡದ ಬುಡದಲ್ಲಿ ಅಲುಗಾಡದೆ ನಿಂತಿದ್ದವು. ಏಂಜಲ್ ಮೀನು ಮೇಲಿನಿಂದ ನಿಧಾನವಾಗಿ ತಲೆ ಬಗ್ಗಿಸಿ ಇಳಿದು ಬಂತು, ಬಾಯಿ ಒಮ್ಮೆ ತೆರೆದು ಮುಚ್ಚಿತು, ಒಂದು ಪುಟ್ಟ ಬಾಲದ ತುದಿ ಅರೆಗಳಿಗೆ ಅದರ ತುಟಿಯಾಚೆ ಕಂಡು ಒಳಗೆ ಹೋಯಿತು.

ಆ ಏಂಜಲನ್ನು ತಂದ ದಿನ ಅದು ಎಂಟಾಣೆ ನಾಣ್ಯದಷ್ಟಿತ್ತು. ನಿಯಾನ್‌ಗಳ ಜೊತೆಗೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಂದಿತ್ತು. ಜೋಡಣೆ ತಪ್ಪಿದ್ದು ನನ್ನ ಕೈಯಿಂದ, ಅದನ್ನು ಕಂಡುಕೊಳ್ಳುವಷ್ಟರಲ್ಲಿ ಏಳು ಜೀವಗಳು ಹೋಗಿದ್ದವು. ಹಲವು ಬಗೆಯ ಮೀನುಗಳನ್ನು ಒಟ್ಟಿಗೆ ಸಾಕುವ ತೊಟ್ಟಿಯಲ್ಲಿ ಮೀನು ಸಾಯುತ್ತಿದ್ದರೆ, ಮಂಕಾಗಿ ನಿಂತಿದ್ದರೆ, ಕಾಣೆಯಾಗುತ್ತಿದ್ದರೆ ಯಾವ ಕ್ರಮದಲ್ಲಿ ಹುಡುಕಿದರೆ ಕಾರಣ ಬೇಗ ಸಿಗುತ್ತದೆ ಎಂಬುದನ್ನು, ಹಾಸನ ಮತ್ತು ಚಿಕ್ಕಮಗಳೂರಿನ ನೀರು ಹಾಗೂ ಹವೆಯನ್ನು ಗಮನದಲ್ಲಿ ಇಟ್ಟುಕೊಂಡು, ಇಲ್ಲಿ ಬರೆದಿದ್ದೇನೆ.

ಮೊದಲ ಪ್ರಶ್ನೆ: ತೊಂದರೆ ಎಲ್ಲಕ್ಕೋ, ಒಂದೇ ಬಗೆಗೋ?

ಬೇರೆ ಏನನ್ನು ಮಾಡುವ ಮೊದಲೂ ಈ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ತೊಟ್ಟಿಯಲ್ಲಿರುವ ಎಲ್ಲ ಬಗೆಯ ಮೀನುಗಳೂ ಒಂದೇ ದಿನ, ಒಂದೇ ರೀತಿ ಬಳಲುತ್ತಿದ್ದರೆ ಕಾರಣ ನೀರಿನಲ್ಲಿದೆ. ಒಂದೇ ಜಾತಿಯ, ಅಥವಾ ಒಂದೇ ಗಾತ್ರದ, ಅಥವಾ ಉದ್ದ ಬಾಲದ ಮೀನುಗಳು ಮಾತ್ರ ಬಳಲುತ್ತಿದ್ದರೆ, ಉಳಿದವು ಹೊಟ್ಟೆ ತುಂಬ ತಿಂದು ಓಡಾಡಿಕೊಂಡಿದ್ದರೆ, ಕಾರಣವನ್ನು ಸಾಮಾನ್ಯವಾಗಿ ಜೊತೆಗಾರರಲ್ಲಿ ಹುಡುಕಬೇಕು. ಇದನ್ನು ನೋಡದೆ ಔಷಧ ಸುರಿಯುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ಮೊದಲ ತಪ್ಪು. ಔಷಧದ ತೊಂದರೆ ಏನೆಂದರೆ, ಮೆಥಿಲೀನ್ ಬ್ಲೂನಂತಹವು ಫಿಲ್ಟರಿನಲ್ಲಿ ನೆಲೆಸಿರುವ ಉಪಕಾರಿ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ. ಆಮೇಲೆ ನೀರು ನಿಜವಾಗಿಯೂ ಕೆಡುತ್ತದೆ, ಆಗ ಮೂಲ ಕಾರಣ ಯಾವುದಾಗಿತ್ತು ಎಂದು ಹೇಳುವುದು ಯಾರಿಗೂ ಸಾಧ್ಯವಾಗುವುದಿಲ್ಲ.

ಹೊತ್ತನ್ನೂ ಗುರುತು ಹಾಕಿಕೊಳ್ಳಿ. ಬೆಳಗಿನ ಜಾವ ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ಕೊರತೆ, ಏಕೆಂದರೆ ರಾತ್ರಿ ಗಿಡಗಳೂ ಅದನ್ನು ಬಳಸುತ್ತವೆ. ನೀರು ಬದಲಿಸಿದ ಗಂಟೆಯೊಳಗೆ ಒದ್ದಾಟ ಶುರುವಾದರೆ ಕ್ಲೋರಿನ್ ಅಥವಾ ತಣ್ಣೀರಿನ ಆಘಾತ. ದೀಪ ಆರಿದ ಮೇಲೆ ಸಂಖ್ಯೆ ಕಡಿಮೆಯಾದರೆ ಬೇಟೆ. ಊಟದ ಹೊತ್ತಿನಲ್ಲಿ ಮಾತ್ರ ಜಗಳವಾದರೆ ಪೈಪೋಟಿ.

ನೀರನ್ನು ಸಂಶಯದಿಂದ ಬಿಡಿಸುವುದು

ಜೊತೆಗಾರರ ಮೇಲೆ ಸಂಶಯವಿದ್ದರೂ ನೀರನ್ನು ಒಮ್ಮೆ ಪರೀಕ್ಷಿಸಿ ಪಕ್ಕಕ್ಕೆ ಇಡುವುದು ಒಳ್ಳೆಯದು, ಏಕೆಂದರೆ ಕೆಟ್ಟ ನೀರಿನಲ್ಲಿ ಸಾಧು ಮೀನೂ ಸಿಡುಕುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ತೋರಿಸಬೇಕು. ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ದಾಟಬಾರದು. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಫಿಲ್ಟರಿನ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಕಟ್ಟಿಸಿದ ವಾರದಲ್ಲೇ ಹದಿನೈದು ಮೀನು ತಂದು ಬಿಟ್ಟಿದ್ದರೆ ಮುಂದಿನದನ್ನು ಓದುವ ಅಗತ್ಯವಿಲ್ಲ, ಕಾರಣ ಅದೇ. ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಹೆಚ್ಚಿದಷ್ಟೂ ಅಮೋನಿಯಾದ ವಿಷ ಹೆಚ್ಚುತ್ತದೆ ಎಂಬುದನ್ನೂ ಮರೆಯಬಾರದು: 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದಾಗ ಇರುವ ವಿಷರೂಪದ ಅಂಶ, ಪಿಎಚ್ 8ಕ್ಕೆ ಏರಿದರೆ ಸುಮಾರು ಹತ್ತು ಪಟ್ಟಾಗುತ್ತದೆ.

ನಮ್ಮ ಊರಿಗೆ ಯಗಚಿಯ ನೀರು ಬರುತ್ತದೆ, ಹಾಸನಕ್ಕೆ ಹೇಮಾವತಿಯದು. ಮಲೆನಾಡಿನ ಹೊಳೆಯ ನೀರು ಸಾಮಾನ್ಯವಾಗಿ ಮೆದು. ಬೋರ್‌ವೆಲ್ ನೀರು ಬಹುಪಾಲು ಗಡಸು. ನಲ್ಲಿ ಬಂದ ದಿನ ಒಂದು, ಬಾರದ ದಿನ ಇನ್ನೊಂದು ಎಂದು ಸಂಪಿನಲ್ಲಿ ಎರಡನ್ನೂ ಬೆರೆಸುವ ಮನೆಗಳಲ್ಲಿ ತೊಟ್ಟಿಯ ನೀರಿನ ಗುಣ ವಾರವಾರವೂ ಬದಲಾಗುತ್ತಿರುತ್ತದೆ. ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳಿಗೆ ಗಡಸು ನೀರು ಒಗ್ಗುತ್ತದೆ. ನಿಯಾನ್, ಕಾರ್ಡಿನಲ್ ಟೆಟ್ರಾಗಳಿಗೆ ಮೆದು ನೀರು. ಮಾಲಿ ಮೀನು ಮುಂದೆ ಸಾಗದೆ ನಿಂತಲ್ಲೇ ಮೈ ತೂಗುತ್ತಿದ್ದರೆ, ಪಕ್ಕದ ಟೆಟ್ರಾಗಳು ಸುಖವಾಗಿದ್ದರೆ, ಮೊದಲು ನೀರಿನ ಗಡಸುತನವನ್ನೂ ಶಾಖವನ್ನೂ ನೋಡಬೇಕು. ಫಿಲ್ಟರಿನಲ್ಲಿ ಒಂದು ಹಿಡಿ ಹವಳದ ಚೂರನ್ನೋ ತೊಳೆದ ಕಪ್ಪೆಚಿಪ್ಪನ್ನೋ ಇಟ್ಟರೆ ಗಡಸುತನ ನಿಧಾನವಾಗಿ ಏರುತ್ತದೆ, ಆದರೆ ಅದು ಟೆಟ್ರಾಗಳಿಗೆ ಹಿತವಲ್ಲ. ಆದ್ದರಿಂದ ನಿಮ್ಮ ನಲ್ಲಿಯ ನೀರಿಗೆ ಒಗ್ಗುವ ಒಂದು ಬಳಗವನ್ನು ಮಾತ್ರ ಆರಿಸಿಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ನಲ್ಲಿ ನೀರನ್ನು ಬಳಸುವಾಗ ಆಂಟಿ ಕ್ಲೋರಿನ್ ಹನಿ ಹಾಕಿ, ಇಲ್ಲವೇ ಅಗಲಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ಒಮ್ಮೆಗೆ ಕಾಲುಭಾಗವನ್ನಷ್ಟೇ ಬದಲಿಸಿ.

ತೋಟದ ಮನೆಯವರಿಗೆ ಒಂದು ಮಾತು. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಕಾಫಿಗೆ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಅದನ್ನು ತೊಟ್ಟಿಗೆ ತರಬೇಡಿ. ಅದರಲ್ಲಿರುವ ಮೈಲುತುತ್ತದ ತಾಮ್ರ ಮೀನಿಗೆ ವಿಷ, ಸೀಗಡಿಗೆ ಮತ್ತು ಬಸವನಹುಳುವಿಗೆ ಇನ್ನೂ ದೊಡ್ಡ ವಿಷ.

ಹೆಣ ಸಿಗದೆ ಮೀನು ಕಡಿಮೆಯಾಗುತ್ತಿದ್ದರೆ

ನನ್ನ ಮನೆಯಲ್ಲಿ ಆದದ್ದು ಇದೇ. ಮೊದಲು ಮುಚ್ಚಳವನ್ನೂ ತೊಟ್ಟಿಯ ಹಿಂದಿನ ನೆಲವನ್ನೂ ನೋಡಿ, ಹಾರಿ ಬಿದ್ದು ಒಣಗಿರಬಹುದು. ಫಿಲ್ಟರಿನ ಬಾಯಿ ನೋಡಿ. ಅಲ್ಲೂ ಇಲ್ಲವಾದರೆ, ತೊಟ್ಟಿಯ ಅತ್ಯಂತ ದೊಡ್ಡ ಮೀನಿನ ಬಾಯಿಗೂ ಅತ್ಯಂತ ಚಿಕ್ಕ ಮೀನಿನ ಮೈದಪ್ಪಕ್ಕೂ ಇರುವ ಅಂತರ ನೋಡಿ. ಬಾಯಿಯಲ್ಲಿ ಹಿಡಿಸುವುದನ್ನು ಮೀನು ಇಂದಲ್ಲ ನಾಳೆ ತಿಂದೇ ತಿನ್ನುತ್ತದೆ, ಅದಕ್ಕೆ ಸಾಧು ಸ್ವಭಾವದ್ದು, ಜಗಳಗಂಟ ಎಂಬ ಭೇದವಿಲ್ಲ. ನಿಯಾನ್ ಟೆಟ್ರಾ ಪೂರ್ತಿ ಬೆಳೆದರೂ ಮೂರರಿಂದ ನಾಲ್ಕು ಸೆಂಟಿಮೀಟರು, ಮೈ ಪೆನ್ಸಿಲಿನ ದಪ್ಪ. ಏಂಜಲ್ ಮೀನು 15 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಇವೆರಡೂ ಅಮೆಜಾನ್ ಜಲಾನಯನದವೇ, ಮೆದು ನೀರನ್ನೂ 25 ಡಿಗ್ರಿಯ ಆಸುಪಾಸಿನ ಶಾಖವನ್ನೂ ಬಯಸುವವೇ. ಹಾಗಾಗಿ ನೀರಿನ ಲೆಕ್ಕದಲ್ಲಿ ಜೋಡಿ ಸರಿಯಾಗಿ ಕಾಣುತ್ತದೆ, ನಾನು ಮೋಸಹೋದದ್ದು ಅಲ್ಲಿಯೇ. ನೀರು ಒಗ್ಗುವುದು ಒಂದು ಪರೀಕ್ಷೆ, ಬಾಯಿಯ ಗಾತ್ರ ಇನ್ನೊಂದು. ಮೀನು ಎರಡರಲ್ಲೂ ತೇರ್ಗಡೆಯಾಗಬೇಕು.

ಗಾತ್ರವನ್ನು ಅಳೆಯುವಾಗ ಅಂಗಡಿಯಲ್ಲಿ ಕಾಣುವ ಮರಿಯ ಗಾತ್ರವನ್ನು ಬಿಟ್ಟು, ಬೆಳೆದ ಮೀನಿನ ಗಾತ್ರವನ್ನು ಹಿಡಿಯಬೇಕು. ನಿವಾರಣೆಯೂ ಒಂದೇ: ದೊಡ್ಡದನ್ನು ಬೇರೆ ತೊಟ್ಟಿಗೆ ಸಾಗಿಸುವುದು. ಮೇಲಿನ ರೆಕ್ಕೆಯಿಂದ ಕೆಳಗಿನ ರೆಕ್ಕೆಯವರೆಗೆ ಅಳೆದರೆ ಏಂಜಲ್ ಉದ್ದಕ್ಕಿಂತ ಎತ್ತರವೇ ಹೆಚ್ಚಿರುವ ಮೀನು, ಅದಕ್ಕೆ ಒಂದೂವರೆ ಅಡಿ ಎತ್ತರದ ನೀರು ಬೇಕು. ನನ್ನ ಒಂದು ಅಡಿಯ ತೊಟ್ಟಿ ನಿಯಾನ್‌ಗಳು ಇಲ್ಲದಿದ್ದರೂ ಅದಕ್ಕೆ ತಕ್ಕ ಮನೆಯಾಗಿರಲಿಲ್ಲ.

ಬಾಲ ಹರಿದಿದ್ದರೆ: ಕಡಿತವೋ, ಕೊಳೆತವೋ?

ಹಾಸನದಲ್ಲಿರುವ ನನ್ನ ತಂಗಿ ಒಂದು ಸಂಜೆ ಫೋನ್ ಮಾಡಿ, "ಅಣ್ಣ, ಗಪ್ಪಿಗಳ ಬಾಲ ಕೊಳೀತಾ ಇದೆ, ನೀಲಿ ಔಷಧ ಹಾಕಿ ನಾಲ್ಕು ದಿನ ಆಯ್ತು, ಕಮ್ಮಿನೇ ಆಗ್ತಿಲ್ಲ" ಎಂದಳು. ಬಾಲದ ಫೋಟೋವನ್ನು ಹತ್ತಿರದಿಂದ ತೆಗೆದು ಕಳಿಸಲು ಹೇಳಿದೆ. ಕಿತ್ತಳೆ ಬಣ್ಣದ ಬೀಸಣಿಗೆಯಂತಹ ಬಾಲದ ಅಂಚಿನಲ್ಲಿ ಉಗುರಿನಿಂದ ಕಿತ್ತಂತೆ ಎರಡು ಅರ್ಧಚಂದ್ರಗಳಿದ್ದವು. ಅಂಚು ಶುಭ್ರವಾಗಿತ್ತು, ಬಣ್ಣ ತುದಿಯವರೆಗೂ ಗಟ್ಟಿಯಾಗಿತ್ತು. ಕೊಳೆರೋಗವಾಗಿದ್ದರೆ ಅಂಚು ಬೆಳ್ಳಗೆ ಮಂಜುಕಟ್ಟಿದಂತೆ ಇರುತ್ತಿತ್ತು ಅಥವಾ ಕೆಂಪಡರಿರುತ್ತಿತ್ತು, ಎಳೆಎಳೆಯಾಗಿ ಬಿಚ್ಚಿಕೊಂಡು ದಿನದಿನಕ್ಕೆ ಬಾಲದ ಬುಡದತ್ತ ಸರಿಯುತ್ತಿತ್ತು. "ನಿನ್ನ ತೊಟ್ಟಿಯಲ್ಲಿ ಪಟ್ಟೆ ಮೀನು ಇದೆಯೇನಮ್ಮ?" ಎಂದು ಕೇಳಿದೆ. ಮೂರು ಟೈಗರ್ ಬಾರ್ಬ್‌ಗಳಿದ್ದವು.

ಟೈಗರ್ ಬಾರ್ಬ್ ಗುಂಪಿನ ಮೀನು. ಎಂಟು ಹತ್ತು ಇದ್ದಾಗ ಅವು ತಮ್ಮತಮ್ಮಲ್ಲೇ ಅಟ್ಟಾಡಿಕೊಂಡು, ಯಾರು ಮೇಲು ಎಂಬುದನ್ನು ತೀರ್ಮಾನಿಸಿಕೊಂಡು, ಬೇರೆಯವರ ಗೋಜಿಗೆ ಅಷ್ಟಾಗಿ ಹೋಗುವುದಿಲ್ಲ. ಎರಡೋ ಮೂರೋ ಇದ್ದಾಗ ಆ ಚಟುವಟಿಕೆಯೆಲ್ಲ ನಿಧಾನವಾಗಿ ಈಜುವ, ಉದ್ದ ರೆಕ್ಕೆಯ ಮೀನುಗಳ ಮೇಲೆ ತಿರುಗುತ್ತದೆ. ಹಾಗೆಂದು ಇನ್ನೂ ಐದು ಬಾರ್ಬ್ ತಂದು ಬಿಟ್ಟರೆ ಸರಿಹೋಗುತ್ತದೆಯೇ ಎಂದರೆ, ಎರಡು ಅಡಿಯ ತೊಟ್ಟಿಯಲ್ಲಿ ಗಪ್ಪಿ, ಏಂಜಲ್, ಫೈಟರ್, ಗೌರಾಮಿಗಳು ಜೊತೆಯಲ್ಲಿ ಇರುವವರೆಗೂ ನಾನು ಆ ದಾರಿಯನ್ನು ಸೂಚಿಸುವುದಿಲ್ಲ. ಗುಂಪು ದೊಡ್ಡದಾದರೆ ಕಡಿತ ಕಡಿಮೆಯಾಗಬಹುದು, ನಿಲ್ಲುತ್ತದೆ ಎನ್ನುವ ಭರವಸೆಯಿಲ್ಲ. ತಂಗಿ ಗಪ್ಪಿಗಳನ್ನು ಬೇರೆ ತೊಟ್ಟಿಗೆ ಬಿಟ್ಟಳು. ಮೂರು ವಾರದಲ್ಲಿ ಬಾಲದ ಅಂಚಿನಲ್ಲಿ ಬಣ್ಣವಿಲ್ಲದ ತೆಳು ಪೊರೆ ತುಂಬಿಕೊಂಡಿತ್ತು, ಔಷಧವಿಲ್ಲದೆ.

ಫೋಟೋದಿಂದ ತೀರ್ಮಾನಕ್ಕೆ ಬರಲಾಗದಿದ್ದರೆ ತೊಟ್ಟಿಯ ನಡುವೆ ಪ್ಲಾಸ್ಟಿಕ್ ಜಾಲರಿಯ ಅಡ್ಡಗಟ್ಟು ನಿಲ್ಲಿಸಿ, ನೀರು ಎರಡೂ ಕಡೆ ಹರಿಯುವಂತೆ ನೋಡಿಕೊಂಡು, ಗಾಯಗೊಂಡ ಮೀನನ್ನು ಒಂದು ಬದಿಗೆ ಇಡಿ. ನಾಲ್ಕೈದು ದಿನ ನೀರು ಅದೇ, ಊಟ ಅದೇ, ಜೊತೆಗಾರರು ಮಾತ್ರ ದೂರ. ಗಾಯ ಹೆಚ್ಚದೆ ನಿಂತರೆ ಕಡಿತ. ಹೆಚ್ಚುತ್ತಲೇ ಹೋದರೆ ರೋಗ, ಆಗ ಔಷಧ, ಅದೂ ಬೇರೆ ಟಬ್ಬಿನಲ್ಲಿ.

ಮೂಲೆ ಹಿಡಿದ ಮೀನು

ಒಂದು ಮೀನು ಹೀಟರಿನ ಹಿಂದೆ ಅಥವಾ ಮೇಲಿನ ಮೂಲೆಯಲ್ಲಿ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ನಿಂತಿದ್ದರೆ, ಊಟ ಹಾಕಿದ ಮೇಲೆ ಹದಿನೈದು ನಿಮಿಷ ಅಲುಗಾಡದೆ ಕುಳಿತು ನೋಡಬೇಕು. ಅದು ಹೊರಬಂದ ಕೂಡಲೇ ಯಾವ ಮೀನು ದಿಕ್ಕು ಬದಲಿಸಿ ಅದರತ್ತ ತಿರುಗುತ್ತದೆಯೋ ಅದೇ ಕಾಡುವ ಮೀನು. ಕೆಂಪು ಬಾಲದ ಶಾರ್ಕ್ ಎಂದು ಮಾರುವ ತೊಟ್ಟಿ ಮೀನು ತನ್ನ ಕಲ್ಲಿನ ಸುತ್ತ ಯಾರನ್ನೂ ಸುಳಿಯಗೊಡುವುದಿಲ್ಲ. ಗಂಡು ಫೈಟರ್‌ಗೆ ಬಣ್ಣದ ಬಾಲದ ಗಂಡು ಗಪ್ಪಿ ಎದುರಾಳಿಯಂತೆ ಕಾಣುತ್ತದೆ. ಜೋಡಿ ಏಂಜಲ್‌ಗಳು ಎಲೆಯ ಮೇಲೋ ಗಾಜಿನ ಮೇಲೋ ಮೊಟ್ಟೆಯಿಟ್ಟರೆ ಅಷ್ಟು ದಿನ ತೊಟ್ಟಿಯ ಅರ್ಧಭಾಗ ಅವುಗಳದೇ ಆಗುತ್ತದೆ, ಮೊಟ್ಟೆ ಹೋದ ಮೇಲೆ ಆ ಕೋಪ ಇಳಿಯುತ್ತದೆ.

ಇಂತಹ ಕಡೆ ಕಾಡಿಸಿಕೊಂಡ ಮೀನನ್ನು ಎತ್ತಿದರೆ ಕಾಡುವ ಮೀನು ಮುಂದಿನದನ್ನು ಹಿಡಿಯುತ್ತದೆ. ಕಾಡುವ ಮೀನನ್ನೇ ನಾಲ್ಕೈದು ದಿನ ಬೇರೆ ಇಟ್ಟು, ಆ ಹೊತ್ತಿನಲ್ಲಿ ಕಲ್ಲು, ಮರದ ತುಂಡು, ಗಿಡಗಳ ಜಾಗ ಬದಲಿಸಿ, ಕೊನೆಗೆ ಅದನ್ನು ಮರಳಿ ಬಿಟ್ಟರೆ ಅದಕ್ಕೆ ತನ್ನ ಹಳೆಯ ಗಡಿ ಸಿಗುವುದಿಲ್ಲ; ಹೊಸಬನಂತೆ ಮತ್ತೆ ಶುರುಮಾಡಬೇಕಾಗುತ್ತದೆ. ಅರ್ಧದಷ್ಟು ಸಲ ಇದು ನನಗೆ ಫಲ ಕೊಟ್ಟಿದೆ. ಕೊಡದಿದ್ದರೆ ಆ ಮೀನಿಗೆ ಬೇರೆ ಮನೆ ಹುಡುಕುವುದೇ ದಾರಿ.

ಕಾಡುವವರೇ ಇಲ್ಲದೆಯೂ ಮೀನು ಅಡಗುವುದುಂಟು. ಟೆಟ್ರಾ, ರಾಸ್ಬೋರಾ, ಕೋರಿಡೋರಾಸ್‌ಗಳನ್ನು ಜೋಡಿಯಾಗಿ ತಂದರೆ ಅವು ಹೆದರಿಕೊಂಡೇ ಬದುಕುತ್ತವೆ. ಒಂದೇ ಜಾತಿಯವು ಆರಾದರೂ ಇರಬೇಕು. ಐದು ಬಗೆಯಲ್ಲಿ ಎರಡೆರಡು ತರುವ ಆಸೆ ಎಲ್ಲರಿಗೂ ಇರುತ್ತದೆ, ಅಂಗಡಿಯ ಮುಂದೆ ನಿಂತ ಮಕ್ಕಳಿಗಂತೂ ಹೆಚ್ಚು. ಆ ಹತ್ತು ಮೀನುಗಳ ಬದಲು ಒಂದೇ ಬಗೆಯ ಹತ್ತು ಮೀನು ತಂದು ನೋಡಿ, ಅವು ನೀರಿನ ನಡುವೆ ಬಂದು ಈಜುವುದನ್ನು ಕಾಣುತ್ತೀರಿ. ಗಪ್ಪಿ, ಮಾಲಿಗಳಲ್ಲಿ ಲೆಕ್ಕ ಬೇರೆ: ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಿರಬೇಕು, ಇಲ್ಲವಾದರೆ ಗಂಡುಗಳ ಬೆನ್ನಟ್ಟುವಿಕೆಗೆ ಹೆಣ್ಣುಗಳು ಬಳಲಿ ಒಂದೊಂದಾಗಿ ಸಾಯುತ್ತವೆ.

ಚಳಿಗಾಲದಲ್ಲಿ ಮಾತ್ರ ಕಾಣುವ ದೋಷ

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಹಾಸನ ಒಂಬೈನೂರರ ಮೇಲೆ. ಜನವರಿಯ ಒಂದು ಬೆಳಿಗ್ಗೆ ಹೀಟರ್ ಇಲ್ಲದ ನಮ್ಮ ತೊಟ್ಟಿಯ ಥರ್ಮಾಮೀಟರು 19 ಡಿಗ್ರಿ ತೋರಿಸುತ್ತಿತ್ತು. ಆ ನೀರಿನಲ್ಲಿ ಗೋಲ್ಡ್ ಫಿಶ್ ಆರಾಮವಾಗಿರುತ್ತದೆ, ಅದಕ್ಕೆ 18ರಿಂದ 22 ಡಿಗ್ರಿ ಹಿತ. ಫೈಟರ್, ಏಂಜಲ್, ಗೌರಾಮಿಗಳು ಊಟ ಬಿಟ್ಟು ತಳ ಸೇರುತ್ತವೆ, ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿಚುಕ್ಕೆ ರೋಗ ಕಾಣಿಸಿಕೊಳ್ಳುತ್ತದೆ. ಒಂದೇ ತೊಟ್ಟಿಯಲ್ಲಿ ಗೋಲ್ಡ್ ಫಿಶ್ ಚುರುಕಾಗಿದ್ದು ಉಳಿದವು ಮಂಕಾಗಿದ್ದರೆ ಔಷಧಕ್ಕಿಂತ ಮೊದಲು ಥರ್ಮಾಮೀಟರು ಬೇಕು. ಹೀಟರ್ ಹಾಕಿ 27ಕ್ಕೆ ಏರಿಸಿದರೆ ಆಗ ಗೋಲ್ಡ್ ಫಿಶ್ ಬಳಲುತ್ತದೆ, ಏಕೆಂದರೆ ಬಿಸಿ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ 7.5 ಮಾತ್ರ. ಇವೆರಡು ಬಳಗಗಳಿಗೂ ಸರಿಹೊಂದುವ ನಡುವಣ ಶಾಖವೆಂಬುದಿಲ್ಲ, ಬೇರ್ಪಡಿಸಲೇಬೇಕು.

ಉಷ್ಣವಲಯದ ಮೀನು ಬೇಕೆನ್ನುವವರು ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್ ಇಡಲಿ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದ ರಾತ್ರಿ, ತೊಟ್ಟಿಯ ಮೂರು ಬದಿಗೆ ಥರ್ಮಕೋಲ್ ಹಲಗೆ ಒರಗಿಸಿ ಮೇಲೆ ಕಂಬಳಿ ಹೊದಿಸಿದರೆ ಶಾಖ ಬಹಳ ಹೊತ್ತು ನಿಲ್ಲುತ್ತದೆ, ಬ್ಯಾಟರಿಯ ಏರ್ ಪಂಪು ಮಾತ್ರ ಮನೆಯಲ್ಲಿರಬೇಕು. ಹೀಟರಿನ ಗೊಡವೆಯೇ ಬೇಡವೆನ್ನುವವರಿಗೆ ನಮ್ಮ ಊರಿನ ಹವೆಗೆ ಝೀಬ್ರಾ ಡೇನಿಯೋ ಮತ್ತು ರೋಸಿ ಬಾರ್ಬ್‌ಗಳಂತಹ ಒಳ್ಳೆಯ ಜೊತೆ ಬೇರೆಯಿಲ್ಲ. ಎರಡೂ ಭಾರತದವೇ, ಎರಡೂ ತಂಪು ನೀರನ್ನು ತಾಳಬಲ್ಲವು, ಎರಡೂ ಚುರುಕು. ರೋಸಿ ಬಾರ್ಬ್ ಹತ್ತು ಸೆಂಟಿಮೀಟರಿನ ಹತ್ತಿರ ಬೆಳೆಯುವುದರಿಂದ ಮೂರು ಅಡಿಯ ತೊಟ್ಟಿ ಬೇಕು, ಎರಡು ಅಡಿಯದಾದರೆ ಡೇನಿಯೋಗಳನ್ನು ಮಾತ್ರ ಇಡಿ.

ಹೆಸರು ನೋಡಿ ತಂದ ಮೀನುಗಳು

ತೊಟ್ಟಿ ಶುಚಿ ಮಾಡುತ್ತದೆಂದು ಮಾರುವ ಸಕ್ಕರ್ ಮೀನು ಬೆರಳುದ್ದ ಇದ್ದಾಗ ಪಾಚಿ ತಿನ್ನುತ್ತದೆ, ಬೆಳೆದರೆ 40 ಸೆಂಟಿಮೀಟರು ದಾಟುತ್ತದೆ. ಏಂಜಲ್, ಗೋಲ್ಡ್ ಫಿಶ್‌ನಂತಹ ಅಗಲ ಮೈಯ ಮೀನಿನ ಪಕ್ಕೆಯಲ್ಲಿ ಹೊಳಪು ಹೋದ, ಹುರುಪೆ ಎದ್ದ ದುಂಡು ಕಲೆ ಕಂಡರೆ ರಾತ್ರಿ ಹತ್ತರ ಮೇಲೆ ಟಾರ್ಚ್ ಹಾಕಿ ನೋಡಿ. ಹಸಿದ ಸಕ್ಕರ್ ಅಲ್ಲಿ ಅಂಟಿಕೊಂಡು ಮೈಯ ಲೋಳೆಯನ್ನು ಹೆರೆಯುತ್ತಿರಬಹುದು. ಸೌತೆಕಾಯಿಯ ಬಿಲ್ಲೆಯನ್ನು ಕಲ್ಲು ಕಟ್ಟಿ ಮುಳುಗಿಸಿಟ್ಟರೆ ತಾತ್ಕಾಲಿಕವಾಗಿ ನಿಲ್ಲುತ್ತದೆ, ಆದರೆ ಮೀನು ಬೆಳೆಯುವುದು ನಿಲ್ಲುವುದಿಲ್ಲ. ಟ್ಯಾಂಕ್ ಶಾರ್ಕ್ ಎಂದು ಮಾರುವ ಬೆಳ್ಳಿಬಣ್ಣದ ಮರಿಯಂತೂ, ಪಂಗಾಸಿಯಸ್ ಎಂದು ಮೀನು ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ತೂಗುವ ಮೀನೇ. ಒಂದು ಮೀಟರಿಗೂ ಹೆಚ್ಚು ಬೆಳೆಯಬಲ್ಲ ಅದನ್ನು ಮನೆಯ ಯಾವ ತೊಟ್ಟಿಯೂ ತಾಳಲಾರದು. ಆಸ್ಕರ್, ಫ್ಲವರ್‌ಹಾರ್ನ್‌ಗಳ ಜೊತೆಗೆ ಚಿಕ್ಕ ಮೀನು ಇಡುವ ಮಾತೇ ಬೇಡ.

ಹೊಂದದ ಮೀನನ್ನು ಕೆರೆಗೆ ಬಿಡುವುದು ಪುಣ್ಯದ ಕೆಲಸವೆಂದು ಕೆಲವರು ತಿಳಿದಿದ್ದಾರೆ. ದಯವಿಟ್ಟು ಬಿಡಬೇಡಿ, ಬಸವನಹಳ್ಳಿ ಕೆರೆಗಾಗಲಿ, ಯಗಚಿಗಾಗಲಿ. ಸಕ್ಕರ್ ಮೀನು ಭಾರತದ ಹಲವು ಕೆರೆ ಹೊಳೆಗಳಲ್ಲಿ ಬೇರೂರಿ, ದಡದಲ್ಲಿ ಬಿಲ ತೋಡಿ, ಬಲೆಗಳನ್ನು ಹರಿದು, ಸ್ಥಳೀಯ ಮೀನುಗಳ ಊಟ ಕಸಿಯುತ್ತಿದೆ. ಅಂಗಡಿಗೆ ಮರಳಿಸಿ, ಇಲ್ಲವೇ ದೊಡ್ಡ ತೊಟ್ಟಿಯಿರುವವರಿಗೆ ಕೊಡಿ.

ಬದಲಿ ಮೀನು ತರುವಾಗ

ದೋಷ ಪತ್ತೆಯಾಯಿತೆಂದು ಅದೇ ವಾರ ಹೊಸ ಮೀನು ತರಬೇಡಿ. ಎರಡು ವಾರ ಕಾಯಿರಿ, ಉಳಿದವುಗಳಲ್ಲಿ ಹೊಸ ಗಾಯ ಕಾಣದಿದ್ದರೆ ಮುಂದುವರಿಯಿರಿ. ಅಂಗಡಿಯಲ್ಲಿ ಮೂರು ವಿಷಯ ಕೇಳಿ ತಿಳಿದುಕೊಳ್ಳಿ: ಇದು ಎಷ್ಟು ದೊಡ್ಡದಾಗುತ್ತದೆ, ಎಷ್ಟು ಶಾಖ ಬೇಕು, ಎಷ್ಟು ಒಟ್ಟಿಗೆ ಇರಬೇಕು. ತಂದ ಮೀನನ್ನು ಮೂರು ವಾರ ಸ್ಪಂಜ್ ಫಿಲ್ಟರ್ ಇರುವ ಬೇರೆ ಟಬ್ಬಿನಲ್ಲಿ ಇಟ್ಟು, ಬಿಳಿಚುಕ್ಕೆ ಬಾರದಿದ್ದರೆ ಮಾತ್ರ ಮುಖ್ಯ ತೊಟ್ಟಿಗೆ ಸೇರಿಸಿ. ಸೇರಿಸುವ ದಿನ ಕಲ್ಲು ಗಿಡಗಳನ್ನು ಸ್ವಲ್ಪ ಕದಲಿಸಿ, ಹಳೆಯ ಮೀನುಗಳಿಗೆ ಮೊದಲು ಊಟ ಹಾಕಿ, ದೀಪ ಆರಿಸಿ, ಟಬ್ಬಿನ ನೀರು ಸುರಿಯದೆ ಬಲೆಯಲ್ಲಿ ಮೀನನ್ನಷ್ಟೇ ಬಿಡಿ.

ನನ್ನ ತೊಟ್ಟಿಯಲ್ಲಿ ಈಗ ಹದಿಮೂರು ಮೀನುಗಳಿವೆ. ಉಳಿದ ಮೂರು ನಿಯಾನ್‌ಗಳಿಗೆ ಇನ್ನೂ ಐದನ್ನು ಸೇರಿಸಿದೆ, ತಳಕ್ಕೆ ಐದು ಪುಟ್ಟ ಕೋರಿಡೋರಾಸ್‌ಗಳಿವೆ, ಆರನೆಯದು ಟಬ್ಬಿನಲ್ಲಿ ತನ್ನ ಮೂರನೆಯ ವಾರ ಕಳೆಯುತ್ತಿದೆ. ಕೋರಿಡೋರಾಸ್‌ಗಳ ಪಾಲನ್ನು ನಿಯಾನ್‌ಗಳು ತಿಂದುಬಿಡುವುದರಿಂದ, ಮುಳುಗುವ ಗುಳಿಗೆಗಳನ್ನು ರಾತ್ರಿ ದೀಪ ಆರಿಸಿ ಅರ್ಧ ಗಂಟೆಯಾದ ಮೇಲೆ ಹಾಕುತ್ತೇನೆ. ಟಾರ್ಚಿನ ಕೆಂಪು ಬೆಳಕಿನಲ್ಲಿ ಎಣಿಸಿದಾಗ ಗಿಡದ ಬುಡದಲ್ಲಿ ಎಂಟು ಬೂದುಬಣ್ಣದ ಗೆರೆಗಳು ಸಿಗುತ್ತವೆ.